ನಮ್ಮ ಬೀದಿಯ ಮಾತು ದಾಖಲೆಗೆ ಸೇರಲಿ



ಹೊಸೂರಿನ ನಾಳೆಯ ಬಗ್ಗೆ ಈಗ ಎಲ್ಲ ಕಡೆಯೂ ಮಾತು. 2024ರ ಜೂನ್ ತಿಂಗಳಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅವರು ವಿಧಾನಸಭೆಯಲ್ಲಿ ಒಂದು ಘೋಷಣೆ ಮಾಡಿದರು. ಹೊಸೂರಿಗೆ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಬರುತ್ತದೆ ಎಂದರು. ಅದಕ್ಕೆ 2,000 ಎಕರೆ ಜಾಗ. ವರ್ಷಕ್ಕೆ 3 ಕೋಟಿ ಪ್ರಯಾಣಿಕರು ಓಡಾಡುವಷ್ಟು ದೊಡ್ಡದು. 2025ರ ಆಗಸ್ಟಿನಲ್ಲಿ ಬೆಂಗಳೂರಿನ ಮೆಟ್ರೊ ರೈಲು ಬೊಮ್ಮಸಂದ್ರದ ತನಕ ಬಂತು. ಅಲ್ಲಿಂದ ಅತ್ತಿಬೆಲೆ ದಾಟಿ ಹೊಸೂರಿಗೂ ಬರಲಿ ಎಂದು ಜನ ಕೇಳುತ್ತಿದ್ದಾರೆ. ಚಹಾ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಕಾರ್ಖಾನೆಯ ಗೇಟಿನಲ್ಲಿ ಇದೇ ಮಾತು.

ಇವೆಲ್ಲ ದೊಡ್ಡ ಕೆಲಸಗಳು. ಇವುಗಳ ನಕ್ಷೆ ಬರೆಯುವವರು ಬೇರೆ, ಹಣ ಕೊಡುವವರು ಬೇರೆ. ಇವತ್ತು ನಾನು ಕೇಳಬೇಕೆಂದಿರುವ ಪ್ರಶ್ನೆ ಒಂದೇ. ಊರಿನ ನಡುವೆ ಇರುವವರ ಪಾಲೇನು? ತೇರುಪೇಟೆಯಲ್ಲಿ, ನೇತಾಜಿ ರಸ್ತೆಯ ಹಿಂದಿನ ಗಲ್ಲಿಗಳಲ್ಲಿ, ರಾಮನಗರದಲ್ಲಿ ಎರಡು ಮೂರು ತಲೆಮಾರಿನಿಂದ ಬಾಳಿದವರು ಈ ನಾಳೆಯ ಬಗ್ಗೆ ಒಂದು ಮಾತು ಆಡಬಹುದೇ? ಆಡಿದರೆ ಅದು ಎಲ್ಲಿಗೆ ಮುಟ್ಟುತ್ತದೆ?

ಆಡಬಹುದು. ಅದಕ್ಕೆ ಜಾಗವೂ ಇದೆ. ಆದರೆ ಆ ಮಾತು ದಾಖಲೆಗೆ ಸೇರಬೇಕು. ದಾಖಲೆಗೆ ಸೇರದ ಮಾತು ಎಷ್ಟೇ ನ್ಯಾಯವಾಗಿದ್ದರೂ ಜಗಲಿಯ ಮೇಲೆ ಹುಟ್ಟಿ ಜಗಲಿಯ ಮೇಲೆಯೇ ಮುಗಿಯುತ್ತದೆ. ಇವತ್ತಿನ ನನ್ನ ಮಾತಿನ ತಿರುಳು ಇಷ್ಟೇ.

ಮೊದಲು ನಮ್ಮ ಊರು ಬೆಳೆದ ಬಗೆಯನ್ನು ನೋಡೋಣ.

ನಮ್ಮ ಹಿರಿಯರ ನೆನಪಿನ ಹೊಸೂರು ಒಂದು ಸಣ್ಣ ಪೇಟೆ. ಬೆಟ್ಟದ ಮೇಲೆ ಚಂದ್ರಚೂಡೇಶ್ವರ, ಕೆಳಗೆ ಪೇಟೆ, ಪಕ್ಕದಲ್ಲಿ ಕೆರೆ, ಸುತ್ತ ರಾಗಿ ಹೊಲ. ಮತ್ತಿಗಿರಿಯಲ್ಲಿ ಬ್ರಿಟಿಷರ ಕಾಲದ ಜಾನುವಾರು ಫಾರಂ. 1970ರ ದಶಕದಲ್ಲಿ ರಾಜ್ಯ ಸರ್ಕಾರದ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂತು. ಆಮೇಲೆ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದವು. ಅವುಗಳ ಹಿಂದೆ ನೂರಾರು ಸಣ್ಣ ವರ್ಕ್‌ಶಾಪುಗಳು ಬಂದವು. ಕೆಲಸ ಹುಡುಕಿಕೊಂಡು ಧರ್ಮಪುರಿಯಿಂದ, ಸೇಲಂನಿಂದ, ಈಚೆಗೆ ಬಿಹಾರ ಒಡಿಶಾಗಳಿಂದಲೂ ಜನ ಬಂದರು.

2001ರ ಜನಗಣತಿಯಲ್ಲಿ ಹೊಸೂರಿನ ಜನಸಂಖ್ಯೆ ಸುಮಾರು 84 ಸಾವಿರ. 2011ರಲ್ಲಿ ಅದೇ ಎಲ್ಲೆಯೊಳಗೆ ಸುಮಾರು 1 ಲಕ್ಷ 17 ಸಾವಿರ. ಮೂಕಂಡಪಳ್ಳಿ, ಜೂಜುವಾಡಿಯಂಥ ಸುತ್ತಲಿನ ಪಂಚಾಯತಿಗಳನ್ನು ಸೇರಿಸಿ ಎಣಿಸಿದರೆ ಅದೇ ವರ್ಷ ಸುಮಾರು 2 ಲಕ್ಷ 45 ಸಾವಿರ. 2004ರಲ್ಲಿ ಧರ್ಮಪುರಿಯಿಂದ ಬೇರೆಯಾಗಿ ಕೃಷ್ಣಗಿರಿ ಜಿಲ್ಲೆ ಆಯಿತು. 2019ರಲ್ಲಿ ಹೊಸೂರು ನಗರಸಭೆ ಮಹಾನಗರ ಪಾಲಿಕೆ ಆಯಿತು. ಇವತ್ತು 45 ವಾರ್ಡುಗಳು.

ಇಲ್ಲಿ ಒಂದು ಸಂಗತಿಯನ್ನು ತಾವು ಗಮನಿಸಬೇಕು. ತಮಿಳುನಾಡಿನ ನಗರಗಳಲ್ಲಿ 2016ರ ಅಕ್ಟೋಬರಿನಿಂದ 2022ರ ಫೆಬ್ರವರಿಯವರೆಗೆ ಚುನಾಯಿತ ಕೌನ್ಸಿಲ್ ಇರಲಿಲ್ಲ. ಐದು ವರ್ಷಕ್ಕೂ ಹೆಚ್ಚು ಕಾಲ ಅಧಿಕಾರಿಗಳೇ ಊರು ನಡೆಸಿದರು. ಅಂದರೆ ಹೊಸೂರು ಪಾಲಿಕೆಯಾಗಿ ಬಡ್ತಿ ಪಡೆದ ದಿನ ಇಲ್ಲಿ ಒಬ್ಬ ಕೌನ್ಸಿಲರೂ ಇರಲಿಲ್ಲ. ಊರು ದೊಡ್ಡದಾಯಿತು. ದೊಡ್ಡದಾದ ಹೊತ್ತಿನಲ್ಲಿ ಊರಿನವರನ್ನು ಕೇಳುವ ವೇದಿಕೆ ಮುಚ್ಚಿತ್ತು. 2022ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. ಹೊಸೂರು ಪಾಲಿಕೆಗೆ ಮೊದಲ ಬಾರಿ ಮೇಯರ್ ಬಂದರು.

ಆ ಐದು ವರ್ಷ ನಮಗೊಂದು ಅಭ್ಯಾಸ ಅಂಟಿಸಿತು. ಕಾಯುವ ಅಭ್ಯಾಸ. ನೀರು ಬರಲಿಲ್ಲವೆಂದರೆ ಟ್ಯಾಂಕರಿಗೆ ಫೋನು. ದೀಪ ಕೆಟ್ಟರೆ ಮೊಬೈಲಿನ ಬೆಳಕು. ಮೋರಿ ಕಟ್ಟಿದರೆ ಒಂದು ಚಪ್ಪಡಿ ಹಾಸಿ ದಾಟುವುದು. ಕೌನ್ಸಿಲ್ ಮರಳಿ ಬಂದರೂ ಈ ಅಭ್ಯಾಸ ಪೂರ್ತಿ ಬಿಟ್ಟಿಲ್ಲ.

ಊರು ಬೆಳೆಯಿತು, ಊರಿನವರನ್ನು ಕೇಳಲಿಲ್ಲ. ಇಲ್ಲಿಗೆ ಬಂದು ನಿಂತಿದ್ದೇವೆ. ಇನ್ನು ಕೇಳುವ ಜಾಗ ಯಾವುದು ಎಂಬುದಕ್ಕೆ ಬರೋಣ.

ಅದರ ಹೆಸರು ಏರಿಯಾ ಸಭೆ. ಹಳ್ಳಿಗಳಲ್ಲಿ ಗ್ರಾಮಸಭೆ ಇದೆ ಎಂದು ಎಲ್ಲರಿಗೂ ಗೊತ್ತು. ತಳಿಯ ಕಡೆಯ ರೈತರನ್ನು ಕೇಳಿ, ಡೆಂಕಣಿಕೋಟೆಯ ಕಡೆಯ ಹಳ್ಳಿಯವರನ್ನು ಕೇಳಿ. ಜನವರಿ 26ಕ್ಕೆ, ಆಗಸ್ಟ್ 15ಕ್ಕೆ, ಅಕ್ಟೋಬರ್ 2ಕ್ಕೆ ಗ್ರಾಮಸಭೆ ನಡೆಯುತ್ತದೆ ಎಂದು ಥಟ್ಟನೆ ಹೇಳುತ್ತಾರೆ. ಪಟ್ಟಣದವರಿಗೆ ಅಂಥದ್ದು ಬಹಳ ಕಾಲ ಇರಲಿಲ್ಲ. 1992ರಲ್ಲಿ ಸಂವಿಧಾನಕ್ಕೆ 74ನೇ ತಿದ್ದುಪಡಿ ಬಂತು. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎಂದು ಅದು ಹೇಳಿತು. ಹೇಳಿದ್ದು ಕಾಗದದಲ್ಲಿ ಬಹಳ ವರ್ಷ ಮಲಗಿತ್ತು. ತಮಿಳುನಾಡು ಸರ್ಕಾರ 2022ರಲ್ಲಿ ವಾರ್ಡ್ ಸಮಿತಿ ಮತ್ತು ಏರಿಯಾ ಸಭೆಗಳ ನಿಯಮಗಳನ್ನು ಹೊರಡಿಸಿತು. ಆ ವರ್ಷದ ನವೆಂಬರ್ 1ರಂದು ರಾಜ್ಯದಾದ್ಯಂತ ಏರಿಯಾ ಸಭೆಗಳು ನಡೆದವು. ನಮ್ಮ ಮನೆಗಳಲ್ಲಿ ನವೆಂಬರ್ 1 ಎಂದರೆ ರಾಜ್ಯೋತ್ಸವದ ನೆನಪು. ತಮಿಳುನಾಡಿನಲ್ಲಿ ಅದು ಈಗ ಸ್ಥಳೀಯಾಡಳಿತದ ದಿನವೂ ಹೌದು. ಗಡಿಯಲ್ಲಿರುವ ನಮಗೆ ಎರಡೂ ನಮ್ಮವೇ.

ಏರ್ಪಾಡು ಹೀಗಿದೆ. ಒಂದು ವಾರ್ಡನ್ನು ಕೆಲವು ಏರಿಯಾಗಳಾಗಿ ವಿಂಗಡಿಸುತ್ತಾರೆ. ಆ ಏರಿಯಾದ ಮತದಾರರೆಲ್ಲ ಸಭೆಯ ಸದಸ್ಯರು. ಯಾರೂ ಆರಿಸಬೇಕಿಲ್ಲ, ಯಾರೂ ಕರೆಯಬೇಕಿಲ್ಲ, ಚೀಟಿ ಬೇಕಿಲ್ಲ. ಪ್ರತಿ ಏರಿಯಾದಿಂದ ಒಬ್ಬ ಪ್ರತಿನಿಧಿ ವಾರ್ಡ್ ಸಮಿತಿಯಲ್ಲಿ ಇರುತ್ತಾರೆ. ವಾರ್ಡ್ ಸಮಿತಿಗೆ ಕೌನ್ಸಿಲರ್ ಅಧ್ಯಕ್ಷರು. ಬೀದಿದೀಪ ಎಲ್ಲಿ ಬೇಕು, ಸಾರ್ವಜನಿಕ ನಲ್ಲಿ ಎಲ್ಲಿ ಬೇಕು, ಶೌಚಾಲಯ ಎಲ್ಲಿ ಬೇಕು, ಯಾವ ಕೆಲಸ ಮೊದಲು ಆಗಬೇಕು ಎಂದು ಸಭೆ ಹೇಳಬಹುದು. ಅಲ್ಲಿ ಹೇಳಿದ್ದು ವಾರ್ಡ್ ಸಮಿತಿಗೆ, ಅಲ್ಲಿಂದ ಪಾಲಿಕೆಗೆ ಹೋಗಬೇಕು.

ಕೃಷ್ಣಗಿರಿ ಪಟ್ಟಣದ ಕೇಳುಗರೇ, ಇದು ತಮಗೂ ಸಲ್ಲುತ್ತದೆ. ನಿಮ್ಮದು ನಗರಸಭೆ. ನಿಮ್ಮ ಹಳೇಪೇಟೆಯ ಬೀದಿಗಳಿಗೂ ಇದೇ ಹಕ್ಕಿದೆ. ಕಲೆಕ್ಟರ್ ಕಚೇರಿ ಊರಾಚೆ ಹೋಯಿತು, ಹೊಸ ಬಡಾವಣೆಗಳು ಹೆದ್ದಾರಿಯ ಕಡೆಗೆ ಹೊರಳಿದವು. ಹಳೇಪೇಟೆಯ ಮಾತನ್ನು ಹಳೇಪೇಟೆಯವರೇ ಆಡಬೇಕು.

ಜಾಗ ಇದೆ, ಹಕ್ಕು ಇದೆ. ಇಲ್ಲಿಯವರೆಗೆ ಹೇಳಿದ್ದು ಅದು. ಆದರೆ ಕೆಲವರು ಒಂದು ಮಾತು ಹೇಳುತ್ತಾರೆ. ಊರು ಕಟ್ಟುವುದು ಎಂಜಿನಿಯರುಗಳ ಕೆಲಸ, ನಮ್ಮಂಥವರಿಗೆ ಏನು ತಿಳಿಯುತ್ತದೆ ಎನ್ನುತ್ತಾರೆ. ಇದಕ್ಕೆ ಉತ್ತರವನ್ನು ನಮ್ಮ ತೇರುಬೀದಿಯೇ ಕೊಡುತ್ತದೆ.

ವರ್ಷಕ್ಕೊಮ್ಮೆ, ಬೇಸಿಗೆ ಹೊಸ್ತಿಲಿಗೆ ಬರುವ ಹೊತ್ತಿಗೆ, ಮರಕತಾಂಬಾ ಸಮೇತ ಚಂದ್ರಚೂಡೇಶ್ವರ ಸ್ವಾಮಿಯ ತೇರು. ತಮಿಳು, ತೆಲುಗು, ಕನ್ನಡ, ಎಲ್ಲ ಮಾತಿನವರೂ ಸೇರುತ್ತಾರೆ. ಕರ್ನಾಟಕದಿಂದ, ಆಂಧ್ರದಿಂದ ಜನ ಬರುತ್ತಾರೆ. ಆ ಭಾರೀ ತೇರು ತೇರುಪೇಟೆಯ ಬೀದಿಗಳಲ್ಲಿ ಸುತ್ತಬೇಕು. ನೇರ ಬೀದಿಯಲ್ಲಿ ಹಗ್ಗ ಜಗ್ಗಿದರೆ ಬರುತ್ತದೆ. ಕಷ್ಟ ಇರುವುದು ಮೂಲೆಯಲ್ಲಿ. ಗಾಲಿಗೆ ಮರದ ತುಂಡು ಕೊಟ್ಟು, ಒಂದೊಂದೇ ಗೇಣು ತಿರುಗಿಸಬೇಕು. ಆ ಮೂಲೆಯಲ್ಲಿ ಯಾರಾದರೂ ಮೆಟ್ಟಿಲು ಮುಂದಕ್ಕೆ ತಂದಿದ್ದರೆ ತೇರು ನಿಲ್ಲುತ್ತದೆ. ಅಂಗಡಿಯ ತಗಡು ಚಾಚಿದ್ದರೆ ನಿಲ್ಲುತ್ತದೆ. ವಿದ್ಯುತ್ ತಂತಿ ಜೋತಿದ್ದರೆ ನಿಲ್ಲುತ್ತದೆ. ನಿಂತದ್ದನ್ನು ಊರೆಲ್ಲ ನೋಡುತ್ತದೆ. ಆದ್ದರಿಂದ ತೇರಿಗೆ ಮುಂಚೆಯೇ ಹಿರಿಯರು ಬೀದಿ ನಡೆದು ನೋಡುತ್ತಾರೆ. ಇದನ್ನು ತೆಗಿ, ಅದನ್ನು ಏರಿಸು ಎನ್ನುತ್ತಾರೆ. ಯಾರೂ ಎದುರು ಹೇಳುವುದಿಲ್ಲ.

ಇದು ನಗರ ಯೋಜನೆಯೇ. ಬೀದಿಯ ಅಗಲ ಕಾಯುವುದು, ತಿರುವು ಕಾಯುವುದು, ಎಲ್ಲರಿಗೂ ಸೇರಿದ ಜಾಗವನ್ನು ಒಬ್ಬರು ನುಂಗದಂತೆ ನೋಡಿಕೊಳ್ಳುವುದು. ಹಳೇ ಪೇಟೆಯವರು ಇದನ್ನು ತಲೆಮಾರುಗಳಿಂದ ಮಾಡಿದ್ದಾರೆ. ಆ ಮೂಲೆಯಲ್ಲಿ ಇವತ್ತು ಆಂಬುಲೆನ್ಸ್ ತಿರುಗಬೇಕು. ಬೆಂಕಿ ಆರಿಸುವ ಗಾಡಿ ತಿರುಗಬೇಕು. ಶಾಲೆಯ ಮಕ್ಕಳ ಆಟೋ ತಿರುಗಬೇಕು. ತೇರಿಗೆ ಕೊಟ್ಟ ಕಣ್ಣನ್ನು ವರ್ಷದ ಉಳಿದ ದಿನಗಳಿಗೂ ಕೊಡಬೇಕು, ಅಷ್ಟೇ.

ಊರಿನವರೇ ಸೇರಿ ಊರು ನೋಡಿಕೊಳ್ಳುವ ಪದ್ಧತಿಗೆ ತಮಿಳುನಾಡಿನಲ್ಲಿ ಸಾವಿರ ವರ್ಷದ ಬೇರಿದೆ. ಕಾಂಚೀಪುರದ ಹತ್ತಿರ ಉತ್ತಿರಮೇರೂರು ಎಂಬ ಊರು. ಅಲ್ಲಿ ಹತ್ತನೆಯ ಶತಮಾನದ, ಪರಾಂತಕ ಚೋಳನ ಕಾಲದ ಶಾಸನಗಳಿವೆ. ಊರಿನವರು ಓಲೆಯಲ್ಲಿ ಹೆಸರು ಬರೆದು, ಕೊಡದಲ್ಲಿ ಹಾಕಿ, ಚೀಟಿ ಎತ್ತಿ ಸಮಿತಿಗಳನ್ನು ಆರಿಸುತ್ತಿದ್ದರು. ಕೆರೆಗೆ ಒಂದು ಸಮಿತಿ, ತೋಟಕ್ಕೆ ಒಂದು ಸಮಿತಿ. ಅಂದಿನ ಏರ್ಪಾಡಿನಲ್ಲಿ ಎಲ್ಲರಿಗೂ ಪ್ರವೇಶ ಇರಲಿಲ್ಲ. ಭೂಮಿ ಇದ್ದವರಿಗೆ, ಓದು ಇದ್ದವರಿಗೆ ಮಾತ್ರ. ಹೆಂಗಸರಿಗೆ ಇರಲಿಲ್ಲ. ಇವತ್ತಿನ ಏರಿಯಾ ಸಭೆ ಆ ಬಾಗಿಲನ್ನು ಎಲ್ಲರಿಗೂ ತೆರೆದಿದೆ. ಆದರೆ ಒಂದು ವಿಷಯದಲ್ಲಿ ಅವರನ್ನು ನಾವು ಅನುಸರಿಸಬೇಕು. ಅವರು ತೀರ್ಮಾನವನ್ನು ಕಲ್ಲಿನಲ್ಲಿ ಕೊರೆಸಿದರು. ಕೊರೆಸಿದ್ದರಿಂದಲೇ ಇವತ್ತಿಗೂ ಅದು ಉಳಿದಿದೆ.

ಹಾಗಾದರೆ ಬೀದಿಯ ತಿಳಿವಳಿಕೆ ನಮ್ಮಲ್ಲಿ ಇದೆ. ಅದನ್ನು ಸಭೆಗೆ ಒಯ್ಯುವುದು ಹೇಗೆ? ಮೂರು ಹೆಜ್ಜೆ ಹೇಳುತ್ತೇನೆ. ಎಣಿಸುವುದು, ಬರೆಯುವುದು, ಹಿಂಬಾಲಿಸುವುದು.

ಮೊದಲನೆಯದು ಎಣಿಸುವುದು. ಒಂದು ಬೀದಿಯನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಇಕ್ಕೆಲದಲ್ಲಿ ಸುಮಾರು ನಲವತ್ತು ಮನೆ. ಎಡಗಡೆ ಒಂದು ಮೋರಿ, ಒಂದು ಮೊಳ ಅಗಲ. ಬೀದಿಯ ತಲೆಯಲ್ಲಿ ಅದು ಸರಾಗ ಹರಿಯುತ್ತದೆ. ನಡುವೆ ಒಂದು ಅಂಗಡಿ. ಗಿರಾಕಿ ಹತ್ತಿ ಬರಲಿ ಎಂದು ಅಂಗಡಿಯವರು ಮೋರಿಯ ಮೇಲೆ ಕಾಂಕ್ರೀಟು ಸುರಿದಿದ್ದಾರೆ. ಚಪ್ಪಡಿಯಾಗಿದ್ದರೆ ಎತ್ತಬಹುದಿತ್ತು, ಕಾಂಕ್ರೀಟನ್ನು ಎತ್ತಲಾಗುವುದಿಲ್ಲ. ಸಫಾಯಿ ಕೆಲಸದವರ ಸಲಾಕೆ ಅದರೊಳಗೆ ಹೋಗುವುದಿಲ್ಲ. ಅಲ್ಲಿ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಳ್ಳುತ್ತದೆ, ಹೂವಿನ ಕಸ ಸಿಕ್ಕಿಕೊಳ್ಳುತ್ತದೆ. ಹಿಂದಿನ ಏಳೆಂಟು ಮನೆಗಳ ಮುಂದೆ ಕಪ್ಪು ನೀರು ನಿಲ್ಲುತ್ತದೆ. ದೊಡ್ಡ ಮಳೆ ಬಂದರೆ ಅದು ಹೊಸ್ತಿಲು ದಾಟುತ್ತದೆ.

ಇದನ್ನು ನೋಡಿ ನಾವೇನು ಹೇಳುತ್ತೇವೆ? ನಮ್ಮ ಬೀದಿಯಲ್ಲಿ ಮೋರಿ ಸರಿಯಿಲ್ಲ ಎನ್ನುತ್ತೇವೆ. ಆ ಮಾತಿನಿಂದ ಯಾವ ಕೆಲಸವೂ ಹುಟ್ಟುವುದಿಲ್ಲ. ಎಲ್ಲ ಬೀದಿಯವರೂ ಅದನ್ನೇ ಹೇಳುತ್ತಾರೆ. ಒಂದು ಭಾನುವಾರ ನಾಲ್ಕು ಜನ ಸೇರಿ ನಡೆಯಿರಿ. ಬೆಳಗಿನ ಜಾವ ಹೂವಿನ ಮಾರುಕಟ್ಟೆಗೆ ಹೋಗುವ ಅಕ್ಕ ಬರಲಿ. ಯಾವ ಕಂಬದಲ್ಲಿ ದೀಪ ಉರಿಯುವುದಿಲ್ಲ ಎಂದು ಅವರಿಗೆ ಗೊತ್ತು. ಇಸ್ತ್ರಿ ಅಂಗಡಿಯ ಅಣ್ಣ ಬರಲಿ. ಇಡೀ ದಿನ ಬೀದಿ ನೋಡುತ್ತಾ ನಿಲ್ಲುವವರು ಅವರು. ಆಟೋ ಓಡಿಸುವವರು ಬರಲಿ. ಹೈಸ್ಕೂಲು ಮಗು ಒಂದು ಪುಸ್ತಕ ಹಿಡಿದು ಬರಲಿ. ಮೋರಿ ಎಲ್ಲಿ ಕಟ್ಟುತ್ತದೆ, ಎಷ್ಟು ಮನೆಗೆ ತೊಂದರೆ, ಮಳೆ ನಿಂತ ಮೇಲೆ ನೀರು ಇಳಿಯಲು ಎಷ್ಟು ಗಂಟೆ, ನಲ್ಲಿ ನೀರು ವಾರದಲ್ಲಿ ಎಷ್ಟು ದಿನ, ಕಸದ ಗಾಡಿ ಎಷ್ಟು ಹೊತ್ತಿಗೆ, ಎಲ್ಲವನ್ನೂ ಬರೆದುಕೊಳ್ಳಿ.

ಎರಡನೆಯದು ಬರೆಯುವುದು. ಎಣಿಸಿದ್ದನ್ನು ಒಂದು ಹಾಳೆಯಲ್ಲಿ ಇಳಿಸಬೇಕು. ಇಂಥ ವಾರ್ಡು, ಇಂಥ ಬೀದಿ. ಇಂಥ ನಂಬರಿನ ಮನೆಯಿಂದ ಇಂಥ ನಂಬರಿನ ಮನೆಯವರೆಗೆ, ಸುಮಾರು ಅರವತ್ತು ಅಡಿ ಮೋರಿ ಕಟ್ಟಿಕೊಂಡಿದೆ. ಎಂಟು ಮನೆಗೆ ತೊಂದರೆ. ಕಾಂಕ್ರೀಟು ಒಡೆದು, ಎತ್ತಬಹುದಾದ ಚಪ್ಪಡಿ ಹಾಕಿಸಿಕೊಡಬೇಕು. ಕೆಳಗೆ ಮನೆಯವರ ಸಹಿ. ಇಷ್ಟೇ. ಒಂದು ಹಾಳೆಗೆ ಒಂದೇ ಕೆಲಸ. ಹತ್ತು ಬೇಡಿಕೆ ಒಂದರಲ್ಲಿ ತುರುಕಿದರೆ ಹತ್ತೂ ಹಿಂದೆ ಬೀಳುತ್ತವೆ.

ಭಾಷೆಯ ಅಂಜಿಕೆ ಬೇಡ. ನಮ್ಮ ಬೀದಿಗಳಲ್ಲಿ ಹಿರಿಯರು ಕನ್ನಡವನ್ನೋ ತೆಲುಗನ್ನೋ ಉರ್ದುವನ್ನೋ ಆಡುತ್ತಾರೆ. ಮಕ್ಕಳು ಶಾಲೆಯಲ್ಲಿ ತಮಿಳು ಕಲಿತಿದ್ದಾರೆ. ಅಜ್ಜಿ ಕನ್ನಡದಲ್ಲಿ ಹೇಳಲಿ, ಮೊಮ್ಮಗಳು ತಮಿಳಿನಲ್ಲಿ ಬರೆಯಲಿ. ಅಜ್ಜಿಗೆ ಬೀದಿಯ ಐವತ್ತು ವರ್ಷದ ಕಥೆ ಗೊತ್ತು. ಮೊದಲು ನೀರು ಯಾವ ಕಡೆ ಹರಿಯುತ್ತಿತ್ತು, ಕೆರೆಯ ಕಾಲುವೆ ಎಲ್ಲಿತ್ತು, ಅದರ ಮೇಲೆ ಯಾವಾಗ ಮನೆ ಎದ್ದಿತು, ಎಲ್ಲ ಗೊತ್ತು. ಮೊಮ್ಮಗಳಿಗೆ ಅರ್ಜಿಯ ಭಾಷೆ ಗೊತ್ತು. ಇಬ್ಬರೂ ಸೇರಿದರೆ ಆ ಹಾಳೆಗೆ ತೂಕ ಬರುತ್ತದೆ.

ಮೂರನೆಯದು ಹಿಂಬಾಲಿಸುವುದು. ಹಾಳೆಯ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಸಭೆಯಲ್ಲಿ ಅದನ್ನು ಓದಿ. ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರೇ ಎಂದು ವಿನಯದಿಂದ ಕೇಳಿ. ಬರೆದದ್ದನ್ನು ಓದಿ ಹೇಳಿ ಎನ್ನಿ. ಮುಂದಿನ ಸಭೆಯಲ್ಲಿ ಅದೇ ಹಾಳೆ ಹಿಡಿದು ಎದ್ದುನಿಂತು, ಇದು ಏನಾಯಿತು ಎಂದು ಕೇಳಿ. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ ಕಟ್ಟಿ ನಡಾವಳಿಯ ಪ್ರತಿ ಕೇಳಬಹುದು. 30 ದಿನದಲ್ಲಿ ಉತ್ತರ ಕೊಡಬೇಕು. ಇದರಲ್ಲಿ ಜಗಳದ ಮಾತೇ ಇಲ್ಲ. ಮನೆಯ ಲೆಕ್ಕ ಕೇಳಿದ ಹಾಗೆ ಊರಿನ ಲೆಕ್ಕ ಕೇಳುವುದು.

ಎಣಿಸಿ, ಬರೆಯಿರಿ, ಹಿಂಬಾಲಿಸಿ. ಮೂರು ಹೆಜ್ಜೆ ಆಯಿತು. ಇದರಿಂದ ನಿಜವಾಗಿ ಏನಾದರೂ ಆಗುತ್ತದೆಯೇ? ಆದ ಕಡೆಗಳನ್ನು ನೋಡೋಣ.

ನಮ್ಮ ಪಕ್ಕದ ಬೆಂಗಳೂರು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆ ಬಂತು. ಸುಮಾರು ಏಳು ಕಿಲೋಮೀಟರು. ಖರ್ಚು ಸುಮಾರು 1,800 ಕೋಟಿ ರೂಪಾಯಿ. ಎಂಟುನೂರಕ್ಕೂ ಹೆಚ್ಚು ಮರ ಉರುಳಬೇಕಿತ್ತು. ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆಯ ಬದಿ ಕೈ ಕೈ ಹಿಡಿದು ನಿಂತರು. ಜನರನ್ನು ಕೇಳದೆ ಯಾಕೆ ಮಾಡಿದಿರಿ ಎಂದರು. ಹಸಿರು ನ್ಯಾಯಮಂಡಳಿಯವರೆಗೂ ವಿಷಯ ಹೋಯಿತು. 2017ರ ಮಾರ್ಚಿನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು.

ಅದು ಬೇಡ ಎಂದು ಹೇಳಿದ ಕಥೆ. ಬೇಕು ಎಂದು ಹೇಳಿದ ಕಥೆಯೂ ಅಲ್ಲೇ ಇದೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಹಾಳಾಗುತ್ತಿತ್ತು. ಅಕ್ಕಪಕ್ಕದ ನಿವಾಸಿಗಳು ಸೇರಿ ಒಂದು ಟ್ರಸ್ಟ್ ಮಾಡಿಕೊಂಡರು. ಅದರಲ್ಲಿ ಮುಂದೆ ನಿಂತವರು ಹೆಂಗಸರು. 2011ರಲ್ಲಿ ಅವರು ಪಾಲಿಕೆಯ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡರು. ಕೆರೆಯ ದಿನನಿತ್ಯದ ನಿಗಾ ನಿವಾಸಿಗಳದ್ದಾಯಿತು. ಆಮೇಲೆ ಪಕ್ಕದ ವಸತಿ ಸಮುಚ್ಚಯದಲ್ಲಿ ಶುದ್ಧಮಾಡಿದ ನೀರನ್ನು ಕೆರೆಗೆ ತಂದರು. ಹಕ್ಕಿಗಳು ಮರಳಿದವು. ಹೊಸೂರಿನ ನಡುವೆ ರಾಮನಾಯಕನ ಕೆರೆ ಇದೆ. ಅದರ ಸುತ್ತ ಇರುವವರು ಈ ಕಥೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕೆರೆ ಉಳಿಯಲಿ ಎಂದು ಹಾರೈಸಿದರೆ ಸಾಲದು, ಯಾರು ಏನು ಮಾಡುತ್ತಾರೆ ಎಂಬುದು ಕಾಗದದಲ್ಲಿ ಇರಬೇಕು.

ಇನ್ನು ಕೇರಳ. 1996ರ ಆಗಸ್ಟಿನಲ್ಲಿ ಅಲ್ಲಿ ಜನಕೀಯ ಯೋಜನೆ ಶುರುವಾಯಿತು. ರಾಜ್ಯದ ಯೋಜನಾ ಹಣದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಪಂಚಾಯತಿ, ನಗರಸಭೆಗಳ ಕೈಗೆ ಕೊಟ್ಟರು. ಯಾವ ಕೆಲಸ ಎಂದು ವಾರ್ಡಿನ ಜನ ಸಭೆ ಕೂತು ಹೇಳಿದರು. ಕಡಲಾಚೆ ಬ್ರೆಜಿಲ್ ದೇಶದ ಪೋರ್ತೊ ಅಲೆಗ್ರೆ ನಗರ 1989ರಲ್ಲೇ ಇಂಥ ದಾರಿ ಹಿಡಿದಿತ್ತು. ಅಲ್ಲಿ ಬಜೆಟ್ಟಿನ ಒಂದು ಭಾಗವನ್ನು ಬಡಾವಣೆಗಳ ಸಾಮಾನ್ಯ ಜನ ಸಭೆಗಳಲ್ಲಿ ಹಂಚಿದರು. ನೀರು, ಒಳಚರಂಡಿ ಕಾಣದ ಕೇರಿಗಳಿಗೆ ಅವು ಮೊದಲು ಬಂದವು. ಕೇಳಿದವರು ಆ ಕೇರಿಯವರೇ ಆಗಿದ್ದರು.

ತಮಿಳುನಾಡಿನಲ್ಲಿಯೂ ‘ನಮಕ್ಕು ನಾಮೇ’ ಎಂಬ ಯೋಜನೆ ಇದೆ. ನಮಗೆ ನಾವೇ ಎಂದು ಅರ್ಥ. ಊರಿನವರು ಒಂದು ಪಾಲು ಹಣ ಕೂಡಿಸಿದರೆ ಉಳಿದದ್ದನ್ನು ಸರ್ಕಾರ ಹಾಕುತ್ತದೆ. ಉದ್ಯಾನ, ಶಾಲೆಯ ಕೊಠಡಿ, ರಸ್ತೆ, ಕೆರೆಯ ಕೆಲಸ, ಇಂಥವಕ್ಕೆ. ಹೊಸೂರಿನಲ್ಲಿ ಕಾರ್ಖಾನೆಗಳಿವೆ, ವರ್ತಕರ ಸಂಘಗಳಿವೆ. ಬೀದಿಯವರ ಹಾಳೆ ಸಿದ್ಧವಾಗಿದ್ದರೆ ಅವರ ಬಾಗಿಲನ್ನೂ ತಟ್ಟಬಹುದು.

ಆದ ಕಡೆಗಳನ್ನು ನೋಡಿದೆವು. ಜನ ಸೇರಿದರು, ಬರೆದರು, ಬಿಡದೆ ಕೇಳಿದರು. ಹಾಗಾದರೆ ನಮ್ಮ ಸಭೆಗಳಿಗೆ ಯಾರು ಬರುತ್ತಿಲ್ಲ? ಈಗ ಆ ವಿಷಯ.

ಬಾಡಿಗೆ ಮನೆಯವರು ಬರುವುದಿಲ್ಲ. ಊರಿನ ನಡುವೆ ಇರುವವರಲ್ಲಿ ಬಾಡಿಗೆಯವರು ಬಹಳ. ಶಿಫ್ಟ್ ಕೆಲಸ, ಒಂದೇ ಕೋಣೆ, ವೋಟು ಮಾತ್ರ ಹುಟ್ಟೂರಿನಲ್ಲಿ. ಏರಿಯಾ ಸಭೆಯ ಸದಸ್ಯತ್ವ ಮತದಾರರ ಪಟ್ಟಿಯ ಮೇಲೆ ನಿಂತಿದೆ. ಐದು ವರ್ಷದಿಂದ ಇಲ್ಲೇ ನೀರು ಹಿಡಿಯುತ್ತಿರುವ ನೀವು ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಿ. ಅದಕ್ಕೆ ಚುನಾವಣಾ ಆಯೋಗದ ನಮೂನೆ 8 ತುಂಬಿದರೆ ಸಾಕು. ಖರ್ಚಿಲ್ಲ. ಬೇರೆ ರಾಜ್ಯದಿಂದ ಬಂದ ಕೂಲಿಯವರ ಪರವಾಗಿ ಅಕ್ಕಪಕ್ಕದವರು ಮಾತಾಡಿ. ಅವರ ಕೋಣೆಯ ಮುಂದೆ ನಿಂತ ಕೊಳೆ ನೀರಿನ ಸೊಳ್ಳೆ ನಿಮ್ಮ ಮನೆಗೂ ಬರುತ್ತದೆ.

ಹೆಂಗಸರು ಬರುವುದು ಕಡಿಮೆ. ತಮಿಳುನಾಡಿನ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಆದರೆ ದೊಡ್ಡ ಪ್ರಶ್ನೆ, ಸಭೆಯ ಕುರ್ಚಿಗಳಲ್ಲಿ ಯಾರು ಕೂತಿದ್ದಾರೆ ಎಂಬುದು. ನೀರು ಯಾವಾಗ ಬಿಡುತ್ತಾರೆ, ಯಾವ ಗಲ್ಲಿಯಲ್ಲಿ ಸಂಜೆ ಏಳರ ಮೇಲೆ ನಡೆಯಲು ಭಯ, ಅಂಗನವಾಡಿಗೆ ಮಗುವನ್ನು ಕರೆದೊಯ್ಯುವಾಗ ಎಲ್ಲಿ ರಸ್ತೆ ದಾಟಲಾಗುವುದಿಲ್ಲ, ಇದನ್ನು ಹೇಳಬೇಕಾದವರು ತಾಯಂದಿರು. ಸ್ವಸಹಾಯ ಗುಂಪಿನ ಅಕ್ಕಂದಿರೇ, ನಿಮಗೆ ವಾರದ ಸಭೆ ನಡೆಸಿ ಗೊತ್ತು, ಪುಸ್ತಕ ಬರೆದು ಗೊತ್ತು, ಸಹಿ ಹಾಕಿಸಿ ಗೊತ್ತು. ಏರಿಯಾ ಸಭೆಗೆ ಬೇಕಾದದ್ದು ಅದೇ ಕೌಶಲ. ಗುಂಪಾಗಿ ಬನ್ನಿ. ಸಭೆಯ ಹೊತ್ತು ನಿಮಗೆ ಆಗಿಬರದಿದ್ದರೆ, ಹೊತ್ತು ಬದಲಿಸಿ ಎಂಬುದೇ ನಿಮ್ಮ ಮೊದಲ ಹಾಳೆಯಾಗಲಿ.

ಬೀದಿಯಿಂದ ಶುರುಮಾಡಿದೆವು. ಮೋರಿ, ದೀಪ, ನಲ್ಲಿ ಎಂದೆವು. ಕೊನೆಯದಾಗಿ ದೊಡ್ಡ ನಕ್ಷೆಗೆ ಬರುತ್ತೇನೆ. ವಿಮಾನ ನಿಲ್ದಾಣ, ಮೆಟ್ರೊ, ವರ್ತುಲ ರಸ್ತೆಗಳ ವಿಷಯದಲ್ಲಿ ಬೀದಿಯವರ ಮಾತಿಗೆ ಜಾಗ ಇದೆಯೇ?

ಅದಕ್ಕೂ ಕಾನೂನಿನಲ್ಲಿ ಒಂದು ಬಾಗಿಲು ಇದೆ. ತಮಿಳುನಾಡಿನ 1971ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಹಾಯೋಜನೆಯ, ಅಂದರೆ ಮಾಸ್ಟರ್ ಪ್ಲಾನಿನ, ಕರಡನ್ನು ಜನರ ಮುಂದೆ ಇಡಬೇಕು. ಆಕ್ಷೇಪಣೆ, ಸಲಹೆ ಕೊಡಲು ಕನಿಷ್ಠ ಎರಡು ತಿಂಗಳು ಕಾಲಾವಕಾಶ ಕೊಡಬೇಕು. ಯಾವ ಜಾಗ ವಾಸಕ್ಕೆ, ಯಾವುದು ಕಾರ್ಖಾನೆಗೆ, ಯಾವುದು ಕೆರೆ, ಯಾವುದು ಹೊಲ ಎಂದು ಬಣ್ಣ ಹಚ್ಚುವುದು ಆ ನಕ್ಷೆಯಲ್ಲಿ. ಒಮ್ಮೆ ಅಂತಿಮವಾದರೆ ವರ್ಷಗಟ್ಟಲೆ ನಿಲ್ಲುತ್ತದೆ. ಇಂಥ ಕರಡು ಬಂದಾಗಲೆಲ್ಲ ಆ ಎರಡು ತಿಂಗಳಲ್ಲಿ ನಕ್ಷೆ ತರಿಸಿ ನೋಡಬೇಕು. ನಿಮ್ಮ ಬೀದಿ ಎಲ್ಲಿದೆ, ನಿಮ್ಮ ಕೆರೆಯ ಕಾಲುವೆ ನಕ್ಷೆಯಲ್ಲಿ ಉಳಿದಿದೆಯೇ, ಹಳೇ ಪೇಟೆಗೆ ಬರುವ ರಸ್ತೆ ಅಗಲವಾದರೆ ಯಾರ ಮನೆ ಹೋಗುತ್ತದೆ ಎಂದು ಕೇಳಬೇಕು.

ಕೇಳದೆ ಬೆಳೆದ ನಗರದಿಂದ ಏನಾಗುತ್ತದೆ ಎಂದು ಹೊಸೂರಿನವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ನಂದಿ ಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಅಂಚು ಸವರಿಕೊಂಡು ಬರುತ್ತದೆ. ಆ ನಗರದ ಕೊಳಚೆಯನ್ನು ಹೊತ್ತು ನಮ್ಮ ಕೆಲವರಪಳ್ಳಿ ಅಣೆಕಟ್ಟು ಸೇರುತ್ತದೆ. ಎಷ್ಟೋ ಸಲ ಅಣೆಕಟ್ಟಿನ ಕೆಳಗೆ ಬಿಳಿ ನೊರೆ ಮನೆಯೆತ್ತರ ಎದ್ದಿದೆ. ಗದ್ದೆಗೆ ಅದೇ ನೀರು. ಮೇಲಿನ ಊರು ತನ್ನ ನಾಳೆಯನ್ನು ಬರೆಯುವಾಗ ಕೆಳಗಿನ ಊರನ್ನು ಕೇಳಲಿಲ್ಲ. ನಾವೂ ನಮ್ಮ ಕೆಳಗಿನವರಿಗೆ ಹಾಗೆ ಮಾಡಬಾರದು. ಹೊಸೂರಿನ ಕೆಳಗೆ ಕೃಷ್ಣಗಿರಿ ಅಣೆಕಟ್ಟು ಇದೆ, ಅದರ ಕೆಳಗೂ ರೈತರಿದ್ದಾರೆ. ಊರಿನ ಒಳಚರಂಡಿಯ ಬಗ್ಗೆ ಸಭೆಯಲ್ಲಿ ಎದ್ದು ಕೇಳುವ ಪ್ರಶ್ನೆ ಅವರ ಪರವಾಗಿಯೂ ಕೇಳಿದ ಪ್ರಶ್ನೆ.

ಕೇಳುಗರೇ, ಮುಗಿಸುವ ಮುಂಚೆ ಒಂದು ಬಿನ್ನಹ. ಈ ವಾರವೇ ಮೂರು ವಿಷಯ ತಿಳಿದುಕೊಳ್ಳಿ. ನಿಮ್ಮ ವಾರ್ಡಿನ ನಂಬರು ಎಷ್ಟು? ನಿಮ್ಮ ಏರಿಯಾದ ಪ್ರತಿನಿಧಿ ಯಾರು? ಮುಂದಿನ ಏರಿಯಾ ಸಭೆ ಯಾವತ್ತು, ಎಲ್ಲಿ? ಕೌನ್ಸಿಲರನ್ನು ಕೇಳಿದರೆ ಹೇಳುತ್ತಾರೆ. ತಿಳಿದುಕೊಂಡ ಮೇಲೆ ಎಡಗಡೆ ಮನೆಗೆ ಒಂದು ಮಾತು, ಬಲಗಡೆ ಮನೆಗೆ ಒಂದು ಮಾತು ಹೇಳಿ. ಮೂರು ಮನೆಯವರು ಒಂದು ಹಾಳೆ ಹಿಡಿದು ಹೋದರೆ ಸಾಕು. ಮುಂದಿನ ಸಲ ಹತ್ತು ಮನೆಯವರು ಬರುತ್ತಾರೆ.

ಮೊದಲ ಸಭೆಯಲ್ಲಿ ಮೋರಿ ಸರಿಹೋಗದೆ ಇರಬಹುದು. ಎರಡನೆಯದರಲ್ಲಿಯೂ ಆಗದೆ ಇರಬಹುದು. ಆದರೆ ಬೀದಿಯ ಮೋರಿಯನ್ನು ಪಟ್ಟುಹಿಡಿದು ಸರಿಮಾಡಿಸಿಕೊಂಡ ಜನಕ್ಕೆ ನಕ್ಷೆ ಓದುವ ಧೈರ್ಯ ಬರುತ್ತದೆ. ನಕ್ಷೆ ಓದಬಲ್ಲ ಜನರಿರುವ ಊರಿನಲ್ಲಿ ವಿಮಾನ ನಿಲ್ದಾಣ ಬರಲಿ, ಮೆಟ್ರೊ ಬರಲಿ, ಅವರನ್ನು ಕೇಳಿಯೇ ಬರಬೇಕಾಗುತ್ತದೆ. ಹೊಸೂರು, ಕೃಷ್ಣಗಿರಿಗಳ ಒಳಬೀದಿಗಳಲ್ಲಿ ಅಂಥ ಜನ ಇದ್ದಾರೆ ಎಂಬ ನಂಬಿಕೆ ನನ್ನದು. ಮುಂದಿನ ಸಭೆಗೆ ಬನ್ನಿ.